ಹತ್ತು ದಿನದಲ್ಲಿ ಹುಟ್ಟಿದ ಭಾಷೆ

ಮಕ್ಕಳೇ, ಅಜ್ಜನಿಗೋ ಅಜ್ಜಿಗೋ ಮೊಬೈಲಿನಲ್ಲಿ ಬಸ್ಸಿನ ಟಿಕೆಟ್ ಕಾಯ್ದಿರಿಸಿಕೊಟ್ಟಿದ್ದೀರಾ? ಹೆಸರು ತುಂಬಿ, ವಯಸ್ಸು ತುಂಬಿ, ಫೋನ್ ನಂಬರಿನಲ್ಲಿ ಅವಸರಕ್ಕೆ ಒಂಬತ್ತೇ ಅಂಕಿ ಹಾಕಿ ಮುಂದಕ್ಕೆ ಹೋಗಲು ನೋಡಿದರೆ ತಕ್ಷಣ ಕೆಂಪು ಅಕ್ಷರ ಮೂಡುತ್ತದೆ: ಹತ್ತು ಅಂಕಿ ಇರಬೇಕು! ಇಷ್ಟು ಬೇಗ ತಪ್ಪು ಹಿಡಿದವರು ಯಾರು? ಬಸ್ ಕಂಪನಿಯ ಕಚೇರಿಯಲ್ಲಿರುವ ದೊಡ್ಡ ಕಂಪ್ಯೂಟರ್ ಅಲ್ಲ. ನಿಮ್ಮ ಅಂಗೈಯಲ್ಲಿರುವ ಫೋನೇ ಹಿಡಿದದ್ದು. ಆ ಪುಟ ಬರುವಾಗ ತನ್ನ ಜೊತೆಗೆ ಒಂದಷ್ಟು ಸೂಚನೆಗಳನ್ನೂ ಕಟ್ಟಿಕೊಂಡು ಬಂದಿರುತ್ತದೆ. ‘ಇಲ್ಲಿ ಅಂಕಿ ಎಣಿಸು, ಹತ್ತಾಗದಿದ್ದರೆ ಹೀಗೆ ಹೇಳು’ ಎಂಬಂಥ ಸೂಚನೆಗಳು. ಅವನ್ನು ಬರೆದಿರುವ ಭಾಷೆಯ ಹೆಸರು ಜಾವಾಸ್ಕ್ರಿಪ್ಟ್.

ನೀವು ಇಂಟರ್‌ನೆಟ್ಟಿನಲ್ಲಿ ನೋಡುವ ಹೆಚ್ಚುಕಡಿಮೆ ಎಲ್ಲ ಪುಟಗಳಲ್ಲೂ ಇದು ಇದೆ. ನಕ್ಷೆಯನ್ನು ಬೆರಳಿನಲ್ಲಿ ಸರಿಸುವಾಗ, ಪರೀಕ್ಷೆಯ ಫಲಿತಾಂಶ ನೋಡುವಾಗ, ಕ್ರಿಕೆಟ್ ಸ್ಕೋರು ತಾನಾಗಿ ಬದಲಾಗುವಾಗ ಒಳಗೆ ದುಡಿಯುತ್ತಿರುವುದು ಇದೇ. ಇಷ್ಟು ದೊಡ್ಡ ಹೊರೆ ಹೊತ್ತ ಭಾಷೆಯನ್ನು ಪಂಡಿತರು ವರ್ಷಗಟ್ಟಲೆ ಕೂತು, ಅಳೆದು ಸುರಿದು ಮಾಡಿರಬೇಕು ಎಂದುಕೊಳ್ಳುತ್ತೀರಿ ಅಲ್ಲವೇ? ಇದರ ಮೊದಲ ರೂಪವನ್ನು ಒಬ್ಬರೇ ಮನುಷ್ಯ ಸುಮಾರು ಹತ್ತು ದಿನದಲ್ಲಿ ಮಾಡಿಮುಗಿಸಿದರು. ಆ ಹತ್ತು ದಿನದ ಅವಸರದಲ್ಲಿ ಉಳಿದ ಕೆಲವು ತಪ್ಪುಗಳು ಇವತ್ತಿಗೂ ಹಾಗೇ ಇವೆ. ಯಾಕೆ ಉಳಿದವು, ಯಾಕೆ ತಿದ್ದಲಿಲ್ಲ ಎಂಬುದೇ ಈ ವಾರದ ಕತೆ.

ಮೊದಲು 1995ಕ್ಕೆ ಹೋಗೋಣ. ಹಿರಿಯರಿಗೆ ನೆನಪಿರಬಹುದು, ನಮ್ಮ ದೇಶದಲ್ಲಿ ಸಾಮಾನ್ಯ ಜನರಿಗೆ ಇಂಟರ್‌ನೆಟ್ ಸಿಕ್ಕಿದ್ದೇ ಆ ವರ್ಷ. ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಅದನ್ನು ಶುರುಮಾಡಿತು. ದೂರವಾಣಿ ತಂತಿಗೆ ಮೋಡೆಮ್ ಎಂಬ ಪೆಟ್ಟಿಗೆ ಸಿಕ್ಕಿಸಬೇಕು. ಅದು ಕಿರ್ ಕುರ್ ಎಂದು ಕೂಗಿ ಸಂಪರ್ಕ ಸಿಕ್ಕರೆ ಪುಣ್ಯ. ಒಂದು ಚಿತ್ರ ಬರಬೇಕಾದರೆ ಮೇಲಿನಿಂದ ಕೆಳಕ್ಕೆ ಪಟ್ಟಿಪಟ್ಟಿಯಾಗಿ ಇಳಿಯುತ್ತಿತ್ತು, ಅಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಬರಬಹುದಿತ್ತು. ಆಗಿನ ಜಾಲದ ಪುಟಗಳು ಅಚ್ಚು ಹಾಕಿದ ಪತ್ರಿಕೆಯ ಪುಟಗಳ ಹಾಗೆ ಸುಮ್ಮನೆ ಕೂತಿರುತ್ತಿದ್ದವು. ಓದಬಹುದು, ಕೊಂಡಿ ಒತ್ತಿ ಇನ್ನೊಂದು ಪುಟಕ್ಕೆ ಹೋಗಬಹುದು, ಅಷ್ಟೆ. ಅರ್ಜಿ ತುಂಬುವುದಿದ್ದರೆ ಪೂರ್ತಿ ತುಂಬಿ ಕಳಿಸಬೇಕು. ಅದು ದೂರದ ಕಂಪ್ಯೂಟರಿಗೆ ಹೋಗಿ, ಅಲ್ಲಿ ಪರಿಶೀಲನೆಯಾಗಿ, ‘ನಿಮ್ಮ ಫೋನ್ ನಂಬರಿನಲ್ಲಿ ಒಂದು ಅಂಕಿ ಕಡಿಮೆಯಿದೆ’ ಎಂದು ತಿರುಗಿ ಬರಬೇಕು. ತಾಲ್ಲೂಕು ಕಚೇರಿಗೆ ಕೊಟ್ಟ ಅರ್ಜಿ ಒಂದು ಸಹಿ ಇಲ್ಲವೆಂದು ವಾಪಸ್ ಬಂದ ಹಾಗೆ.

ಅಮೆರಿಕದ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಎಂಬ ಊರಿನಲ್ಲಿ ಆಗ ನೆಟ್‌ಸ್ಕೇಪ್ ಎಂಬ ಕಂಪನಿ ಇತ್ತು. ಜಾಲದ ಪುಟಗಳನ್ನು ತೋರಿಸುವ ಬ್ರೌಸರ್ ಅವರ ಸರಕು. ನ್ಯಾವಿಗೇಟರ್ ಅಂತ ಅದಕ್ಕೆ ಹೆಸರು. ಪುಟಗಳಿಗೆ ಒಂದಿಷ್ಟು ಚುರುಕು ಬರಬೇಕು, ಸಣ್ಣಪುಟ್ಟ ಕೆಲಸಗಳು ಓದುಗನ ಕಂಪ್ಯೂಟರಿನಲ್ಲೇ ಆಗಬೇಕು ಎಂದು ಅವರಿಗೆ ಅನ್ನಿಸಿತು. 1995ರ ಏಪ್ರಿಲ್‌ನಲ್ಲಿ ಬ್ರೆಂಡನ್ ಐಕ್ ಎಂಬ 33 ವರ್ಷದ ಪ್ರೋಗ್ರಾಮರ್ ಅಲ್ಲಿ ಕೆಲಸಕ್ಕೆ ಸೇರಿದರು. ಅವರನ್ನು ಕರೆಯುವಾಗ ಕಂಪನಿ ಹೇಳಿದ್ದು, ‘ಬನ್ನಿ, ಸ್ಕೀಮ್ ಭಾಷೆಯನ್ನು ಬ್ರೌಸರಿನೊಳಗೆ ಕೂರಿಸೋಣ’ ಎಂದು. ಸ್ಕೀಮ್ ಎಂಬುದು ವಿದ್ವಾಂಸರು ಮೆಚ್ಚುವ, ಪುಟ್ಟದಾದ, ಚೊಕ್ಕವಾದ ಕಂಪ್ಯೂಟರ್ ಭಾಷೆ.

ಅವರು ಬರುವ ಹೊತ್ತಿಗೆ ಗಾಳಿ ಬೇರೆ ಕಡೆ ಬೀಸುತ್ತಿತ್ತು. ಸನ್ ಮೈಕ್ರೋಸಿಸ್ಟಮ್ಸ್ ಎಂಬ ಇನ್ನೊಂದು ಕಂಪನಿ ಜಾವಾ ಎಂಬ ಹೊಸ ಭಾಷೆಯನ್ನು ತಂದಿತ್ತು. ಎಲ್ಲರ ಬಾಯಲ್ಲೂ ಅದೇ ಮಾತು. ನೆಟ್‌ಸ್ಕೇಪ್ ಮತ್ತು ಸನ್ ಕೈಜೋಡಿಸಿ ಜಾವಾವನ್ನು ಬ್ರೌಸರಿಗೆ ತರಲು ಹೊರಟಿದ್ದವು. ಹಾಗಾದರೆ ಇನ್ನೊಂದು ಭಾಷೆ ಯಾಕೆ ಬೇಕು? ಇದು ಕಂಪನಿಯೊಳಗೇ ಎದ್ದ ಪ್ರಶ್ನೆ. ಬೇಕು ಎಂದವರ ವಾದ ಹೀಗಿತ್ತು: ಜಾವಾ ಕಲಿತ ಇಂಜಿನಿಯರುಗಳಿಗೆ ಸರಿ, ಆದರೆ ಹವ್ಯಾಸಕ್ಕೆ ಪುಟ ಮಾಡುವವರಿಗೆ, ಚಿತ್ರ ಬರೆಯುವವರಿಗೆ, ಶಾಲೆಯ ಮೇಷ್ಟ್ರಿಗೆ ಸುಲಭದ್ದೊಂದು ಬೇಕು. ವಾದ ಗೆಲ್ಲಬೇಕಾದರೆ ಬರೀ ಮಾತು ಸಾಲದು, ಮಾಡಿ ತೋರಿಸಬೇಕಿತ್ತು. ತಡವಾದರೆ ಕೈತಪ್ಪಿ ಹೋಗುತ್ತಿತ್ತು. ಅದಕ್ಕೆ ಸೇರಿಕೊಂಡು ಮೇಲಿನವರ ಒಂದು ಅಪ್ಪಣೆ: ಸ್ಕೀಮ್ ಬೇಡ, ನೋಡಲು ಜಾವಾ ಥರ ಇರಲಿ.

1995ರ ಮೇ ತಿಂಗಳಲ್ಲಿ ಐಕ್ ಸುಮಾರು ಹತ್ತು ದಿನ ಹಗಲೂ ರಾತ್ರಿ ಕೂತು ಮೊದಲ ಮಾದರಿಯನ್ನು ಬರೆದರು. ಹೊರಗಿನ ಉಡುಪು ಜಾವಾದ್ದು. ಒಳಗಿನ ಜೀವಕ್ಕೆ ತಮಗೆ ಇಷ್ಟವಾದ ಸ್ಕೀಮ್‌ನಿಂದ ಒಂದಷ್ಟು, ಸೆಲ್ಫ್ ಎಂಬ ಇನ್ನೊಂದು ಭಾಷೆಯಿಂದ ಒಂದಷ್ಟು ತಂದರು. ಹತ್ತು ದಿನದಲ್ಲಿ ಎಲ್ಲ ಮುಗಿಯಿತು ಎಂದಲ್ಲ. ಆ ವರ್ಷವಿಡೀ ತಿದ್ದುವ, ಸೇರಿಸುವ ಕೆಲಸ ನಡೆದೇ ಇತ್ತು. ಆದರೆ ಮನೆಯ ಪಾಯ ಬಿದ್ದದ್ದು ಆ ಹತ್ತು ದಿನದಲ್ಲೇ, ಗೋಡೆಗಳು ಅದರ ಮೇಲೇ ಎದ್ದವು.

ಕೂಸಿಗೆ ಹೆಸರಿಡುವುದರಲ್ಲೂ ತಕರಾರು. ಮೊದಲು ಮೋಕಾ ಎಂದರು. ಸೆಪ್ಟೆಂಬರಿನಲ್ಲಿ ಲೈವ್‌ಸ್ಕ್ರಿಪ್ಟ್ ಎಂದಾಯಿತು. ಡಿಸೆಂಬರ್ 4ರಂದು ನೆಟ್‌ಸ್ಕೇಪ್ ಮತ್ತು ಸನ್ ಒಟ್ಟಾಗಿ ಪ್ರಕಟಣೆ ಹೊರಡಿಸಿ ಜಾವಾಸ್ಕ್ರಿಪ್ಟ್ ಎಂದು ಕರೆದವು. ಜಾವಾದ ಹೆಸರು ಆಗ ಚೆನ್ನಾಗಿ ಓಡುತ್ತಿತ್ತಲ್ಲ, ಅದರ ನೆರಳಿನಲ್ಲಿ ಇದೂ ಓಡಲಿ ಎಂಬ ವ್ಯಾಪಾರದ ಲೆಕ್ಕ. ಹೆಸರು ಒಂದೇ ಥರ ಇದ್ದರೂ ಎರಡೂ ಬೇರೆ ಬೇರೆ ಭಾಷೆಗಳು. ಮಾವಿನ ಹಣ್ಣಿಗೂ ಸೋದರಮಾವನಿಗೂ ಇರುವಷ್ಟೇ ನಂಟು ಎಂದರೆ ಸ್ವಲ್ಪ ಹೆಚ್ಚಾದೀತು, ಉಡುಪಿನ ಹೋಲಿಕೆಯಂತೂ ಇದೆ. ಆದರೆ ಅಂದಿನಿಂದ ಇಂದಿನವರೆಗೆ ಅದೆಷ್ಟು ವಿದ್ಯಾರ್ಥಿಗಳು ಒಂದನ್ನು ಕಲಿಯಲು ಹೋಗಿ ಇನ್ನೊಂದರ ಪುಸ್ತಕ ಕೊಂಡಿದ್ದಾರೋ! ನನಗೆ ಕೇಳಿದರೆ, ಆ ಹತ್ತು ದಿನದ ಎಲ್ಲ ತಪ್ಪುಗಳಿಗಿಂತ ಈ ಹೆಸರೇ ದೊಡ್ಡ ತಪ್ಪು.

ಇನ್ನು ಭಾಷೆಯೊಳಗಿನ ತಪ್ಪುಗಳನ್ನು ನೋಡೋಣ. ಇವು ಬಲು ಮಜವಾಗಿವೆ.

ಕಂಪ್ಯೂಟರಿಗೆ 5 ಎಂಬ ಸಂಖ್ಯೆ ಬೇರೆ, ‘5’ ಎಂದು ಬರೆದ ಅಕ್ಷರ ಬೇರೆ. ಒಂದು ಲೆಕ್ಕ, ಇನ್ನೊಂದು ಬರಹ. ಇವೆರಡನ್ನು ಹೋಲಿಸಿದಾಗ ಸಮ ಎಂದುಬಿಡಲಿ, ಕೆಲಸ ಸುಲಭವಾಗುತ್ತದೆ ಎಂದು ಐಕ್ ಅವರ ಜೊತೆಯವರು ಕೇಳಿದರು. ಅವರೂ ಒಪ್ಪಿದರು. ಹಾಗಾಗಿ ಜಾವಾಸ್ಕ್ರಿಪ್ಟ್ ಹೋಲಿಸುವ ಮೊದಲು ಒಂದನ್ನು ಇನ್ನೊಂದರ ರೂಪಕ್ಕೆ ತಾನೇ ಬದಲಾಯಿಸಿಕೊಳ್ಳುತ್ತದೆ. ಇದರ ಪರಿಣಾಮ ನೋಡಿ. ಏನೂ ಬರೆಯದ ಖಾಲಿ ಬರಹವನ್ನು ಸೊನ್ನೆಯ ಜೊತೆ ಹೋಲಿಸಿದರೆ ‘ಸಮ’ ಎನ್ನುತ್ತದೆ. ಸೊನ್ನೆಯನ್ನು ‘0’ ಎಂದು ಬರೆದ ಅಕ್ಷರದ ಜೊತೆ ಹೋಲಿಸಿದರೆ ಅದಕ್ಕೂ ‘ಸಮ’ ಎನ್ನುತ್ತದೆ. ಆದರೆ ಖಾಲಿ ಬರಹವನ್ನು ‘0’ ಅಕ್ಷರದ ಜೊತೆ ಹೋಲಿಸಿದರೆ? ‘ಸಮವಲ್ಲ!’ ಒಂಬತ್ತನೇ ತರಗತಿಯವರು ಯೂಕ್ಲಿಡ್‌ನನ್ನು ಓದಿರುತ್ತೀರಿ. ಒಂದೇ ವಸ್ತುವಿಗೆ ಸಮವಾದವು ತಮ್ಮ ತಮ್ಮಲ್ಲೂ ಸಮ ಎಂದು ಅವನು ಎರಡು ಸಾವಿರ ವರ್ಷಕ್ಕೂ ಹಿಂದೆ ಹೇಳಿಟ್ಟಿದ್ದ. ಜಾವಾಸ್ಕ್ರಿಪ್ಟ್ ಯೂಕ್ಲಿಡ್‌ನ ಮಾತು ಕೇಳಲಿಲ್ಲ.

ಇನ್ನೊಂದು. ‘5’ ಎಂಬ ಬರಹಕ್ಕೆ 3 ಕೂಡಿಸಿ ಎಂದರೆ 8 ಬರುವುದಿಲ್ಲ, ಪಕ್ಕಪಕ್ಕ ಅಂಟಿಸಿ 53 ಎನ್ನುತ್ತದೆ. ಅದೇ ‘5’ರಿಂದ 3 ಕಳೆಯಿರಿ ಎಂದರೆ ಸರಿಯಾಗಿ 2 ಎನ್ನುತ್ತದೆ. ಕೂಡಿಸುವ ಚಿಹ್ನೆಗೆ ಎರಡು ಕೆಲಸ ಹಚ್ಚಿದ್ದಾರೆ, ಅಕ್ಷರ ಕಂಡರೆ ಅಂಟಿಸು, ಸಂಖ್ಯೆ ಕಂಡರೆ ಕೂಡಿಸು. ಕಳೆಯುವ ಚಿಹ್ನೆಗೆ ಒಂದೇ ಕೆಲಸ.

ತಾರೀಖಿನ ಕತೆಯಂತೂ ಹಿರಿಯರೂ ಕೇಳಬೇಕಾದ್ದು. ದಿನಾಂಕ ಲೆಕ್ಕ ಹಾಕುವ ಭಾಗವನ್ನು ಹೊಸದಾಗಿ ಬರೆಯಲು ಪುರಸೊತ್ತಿರಲಿಲ್ಲ. ಜಾವಾದಲ್ಲಿ ಇದ್ದದ್ದನ್ನೇ ಹಾಗೇ ಇಳಿಸಿಕೊಂಡರು. ಅದರಲ್ಲಿ ಜನವರಿ ಎಂದರೆ 0, ಡಿಸೆಂಬರ್ ಎಂದರೆ 11. ವರ್ಷವನ್ನು ಕೇಳಿದರೆ 1900 ಕಳೆದು ಹೇಳುತ್ತಿತ್ತು, 1996 ಎಂದರೆ 96. ಪುಟ ಬರೆಯುವವರು ಅದರ ಮುಂದೆ ‘19’ ಅಂಟಿಸಿ ತೋರಿಸುತ್ತಿದ್ದರು. 2000ದ ಜನವರಿ 1 ಬಂತು. 2000ದಲ್ಲಿ 1900 ಕಳೆದರೆ 100. ಅದರ ಮುಂದೆ 19! ಎಷ್ಟೋ ಜಾಲತಾಣಗಳು ಅಂದು ಹತ್ತೊಂಬತ್ತು ಸಾವಿರದ ನೂರನೇ ಇಸವಿಯ ಶುಭಾಶಯ ಕೋರಿದವು. ಅಮೆರಿಕಕ್ಕೆ ಅಧಿಕೃತ ಸಮಯ ಹೇಳುವ ನೌಕಾ ವೀಕ್ಷಣಾಲಯದ ಪುಟದಲ್ಲೂ 19100 ಎಂದೇ ಕಾಣಿಸಿಕೊಂಡಿತು. ಊರಿಗೆಲ್ಲ ಗಂಟೆ ಹೊಡೆಯುವವನ ಗಡಿಯಾರವೇ ಕೆಟ್ಟ ಹಾಗೆ.

ತಪ್ಪು ಎಂದು ಗೊತ್ತಾದ ಮೇಲೆ ತಿದ್ದಬಹುದಿತ್ತಲ್ಲ ಎನ್ನುತ್ತೀರಿ. ಅದಕ್ಕೆ ಉತ್ತರ ಹೇಳಲು ಇನ್ನೊಬ್ಬರನ್ನು ಕತೆಗೆ ಕರೆಯಬೇಕು.

ಮೈಕ್ರೋಸಾಫ್ಟ್ ಕಂಪನಿ ಸುಮ್ಮನೆ ಕೂರುವುದಲ್ಲ. 1996ರ ಆಗಸ್ಟ್‌ನಲ್ಲಿ ತನ್ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬ್ರೌಸರಿನ ಮೂರನೇ ಆವೃತ್ತಿಯೊಳಗೆ ಅದೂ ಇಂಥದೇ ಭಾಷೆಯನ್ನು ಇಟ್ಟಿತು. ನೆಟ್‌ಸ್ಕೇಪ್ ಯಾವ ನಿಯಮ ಪುಸ್ತಕವನ್ನೂ ಬರೆದು ಕೊಟ್ಟಿರಲಿಲ್ಲ. ಹೀಗಾಗಿ ಮೈಕ್ರೋಸಾಫ್ಟಿನವರು ನ್ಯಾವಿಗೇಟರ್ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಿ ನೋಡಿ ಅದರಂತೆ ತಮ್ಮದನ್ನೂ ಕಟ್ಟಿದರು, ಬರೆದಿಡದ ಅಡುಗೆಯನ್ನು ಊಟ ಮಾಡಿ ರುಚಿ ನೋಡಿ ಕಲಿತ ಹಾಗೆ. ಜಾವಾ ಎಂಬ ಹೆಸರು ಸನ್ ಕಂಪನಿಯ ಸೊತ್ತು, ಅದನ್ನು ಬಳಸುವಂತಿರಲಿಲ್ಲ. ಜೆಸ್ಕ್ರಿಪ್ಟ್ ಎಂದು ಹೆಸರಿಟ್ಟರು.

ಅಲ್ಲಿಗೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಒಂದರಲ್ಲಿ ಸರಿಯಾಗಿ ಕಾಣುವ ಪುಟ ಇನ್ನೊಂದರಲ್ಲಿ ಕೆಡುತ್ತಿತ್ತು. ಪುಟ ಮಾಡುವವರು ಎಲ್ಲವನ್ನೂ ಎರಡೆರಡು ಸಲ ಬರೆಯಬೇಕಾಯಿತು. ಸೋತವರು ‘ಈ ಪುಟವನ್ನು ನೆಟ್‌ಸ್ಕೇಪಿನಲ್ಲಿ ನೋಡಿದರೆ ಚೆನ್ನ’ ಎಂದೋ ‘ಎಕ್ಸ್‌ಪ್ಲೋರರಿನಲ್ಲಿ ನೋಡಿದರೆ ಚೆನ್ನ’ ಎಂದೋ ಪುಟದ ಕೆಳಗೆ ಒಂದು ಪುಟ್ಟ ಹಲಗೆ ನೇತುಹಾಕಿದರು. ಅಜ್ಜಿಯನ್ನು ಕೇಳಿ ನೋಡಿ, ಹಿಂದೆ ಅಳತೆಗೆ ಸೇರು, ಪಾವು, ಚಟಾಕು ಇದ್ದಾಗ ಒಂದು ಸೀಮೆಯ ಸೇರು ಇನ್ನೊಂದು ಸೀಮೆಯ ಸೇರಿಗೆ ಸಮ ಇರುತ್ತಿರಲಿಲ್ಲ. ಸಂತೆಯಿಂದ ಸಂತೆಗೆ ಹೋಗುವವನಿಗೆ ಅದರ ಕಷ್ಟ ಗೊತ್ತು. ಎಲ್ಲ ಕಡೆಗೂ ಒಂದೇ ಅಳತೆ ಬೇಕಾದರೆ ಅದು ಯಾವ ಅಂಗಡಿಯವನದ್ದೂ ಆಗಿರಬಾರದು, ಎಲ್ಲರೂ ಒಪ್ಪಿದ ಒಂದು ಕಡೆ ಇರಬೇಕು.

ನೆಟ್‌ಸ್ಕೇಪ್ ಅಂಥ ಒಂದು ಕಡೆಯನ್ನು ಹುಡುಕಿತು. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಎಕ್ಮಾ ಎಂಬ ಸಂಸ್ಥೆ ಇದೆ. ಯುರೋಪಿನ ಕಂಪ್ಯೂಟರ್ ತಯಾರಕರು 1961ರಲ್ಲಿ ಕೂಡಿ ಕಟ್ಟಿದ್ದು. ಬೇರೆ ಬೇರೆ ಕಂಪನಿಗಳ ಯಂತ್ರಗಳು ಒಂದಕ್ಕೊಂದು ಹೊಂದಿಕೊಳ್ಳಲು ಬೇಕಾದ ಮಾನದಂಡಗಳನ್ನು ಬರೆಯುವುದೇ ಅದರ ಕೆಲಸ. 1996ರ ನವೆಂಬರಿನಲ್ಲಿ ಅದರ 39ನೇ ತಾಂತ್ರಿಕ ಸಮಿತಿ ಈ ಕೆಲಸಕ್ಕೆ ಕೂತಿತು. ನೆಟ್‌ಸ್ಕೇಪ್, ಮೈಕ್ರೋಸಾಫ್ಟ್, ಸನ್ ಎಲ್ಲರೂ ಒಂದೇ ಮೇಜಿನ ಸುತ್ತ. ಹೊರಗೆ ಮಾರುಕಟ್ಟೆಯಲ್ಲಿ ಕುಸ್ತಿ, ಒಳಗೆ ವ್ಯಾಕರಣ.

ಹೆಸರಿನ ತಕರಾರು ಇಲ್ಲೂ ಬಂತು. ಜಾವಾಸ್ಕ್ರಿಪ್ಟ್ ಎನ್ನಲು ಸನ್‌ನ ಹಕ್ಕು ಅಡ್ಡ, ಜೆಸ್ಕ್ರಿಪ್ಟ್ ಎನ್ನಲು ನೆಟ್‌ಸ್ಕೇಪ್ ಒಪ್ಪದು. ಕೊನೆಗೆ ಯಾರಿಗೂ ಇಷ್ಟವಿಲ್ಲದ, ಯಾರಿಗೂ ತಕರಾರಿಲ್ಲದ ಎಕ್ಮಾಸ್ಕ್ರಿಪ್ಟ್ ಎಂಬ ಹೆಸರು ನಿಂತಿತು. ಇದು ಯಾವುದೋ ಚರ್ಮರೋಗದ ಹೆಸರಿನಂತೆ ಕೇಳುತ್ತದೆ ಎಂದು ಸ್ವತಃ ಐಕ್ ಗೇಲಿ ಮಾಡಿದ್ದಾರೆ. ಇಸುಬಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಮನೆಯಲ್ಲಿ ಕೇಳಿ, ಗೇಲಿ ಅರ್ಥವಾಗುತ್ತದೆ. ಇಂದಿಗೂ ನಿಯಮ ಪುಸ್ತಕದ ಮೇಲೆ ಇರುವುದು ಆ ಹೆಸರೇ. ಜನರ ಬಾಯಲ್ಲಿ ಮಾತ್ರ ಜಾವಾಸ್ಕ್ರಿಪ್ಟ್. ಶಾಲೆಯ ಹಾಜರಿ ಪುಸ್ತಕದಲ್ಲಿ ಒಂದು ಹೆಸರು, ಮನೆಯಲ್ಲಿ ಕರೆಯುವುದು ಇನ್ನೊಂದು ಎಂಬ ಹಾಗೆ.

1997ರ ಜೂನ್‌ನಲ್ಲಿ ಮೊದಲ ಆವೃತ್ತಿ ಹೊರಬಂತು, ನೂರು ಚಿಲ್ಲರೆ ಪುಟ. ಅದನ್ನು ಬರೆದು ಒಪ್ಪಮಾಡಿದ ಸಂಪಾದಕ ಗೈ ಸ್ಟೀಲ್. ಇವರು ಯಾರು ಗೊತ್ತೇ? ಇಪ್ಪತ್ತು ವರ್ಷ ಹಿಂದೆ ಸ್ಕೀಮ್ ಭಾಷೆಯನ್ನು ಹುಟ್ಟುಹಾಕಿದ ಇಬ್ಬರಲ್ಲಿ ಒಬ್ಬರು! ಸ್ಕೀಮ್ ಬೇಡವೆಂದು ಮಾಡಿದ ಭಾಷೆಗೆ ಕಟ್ಟಳೆ ಬರೆದುಕೊಡುವ ಕೆಲಸ ಸ್ಕೀಮ್‌ನ ಒಡೆಯರಿಗೇ ಬಂತು.

ಈಗ ತಪ್ಪುಗಳ ಪ್ರಶ್ನೆಗೆ ಬರೋಣ. ಸಮಿತಿ ಕೂತಾಗ ಭಾಷೆಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಆ ವಕ್ರ ಹೋಲಿಕೆಯನ್ನು ಆಗಲೇ ನೇರಮಾಡಬಹುದಿತ್ತೇ? ತಡವಾಗಿಹೋಗಿತ್ತು. ಅಷ್ಟರಲ್ಲೇ ಲೆಕ್ಕವಿಲ್ಲದಷ್ಟು ಪುಟಗಳು ಆ ವಕ್ರತೆಯನ್ನೇ ನಂಬಿ ಬರೆಯಲ್ಪಟ್ಟಿದ್ದವು. ತಿದ್ದಿದರೆ ಅವೆಲ್ಲ ಕೆಡುತ್ತವೆ. ಅವನ್ನು ಬರೆದವರು ಯಾರೋ, ಎಲ್ಲಿರುವರೋ, ಹುಡುಕಿ ಹೇಳುವುದು ಸಾಧ್ಯವಿಲ್ಲ. ಆದ್ದರಿಂದ ಸಮಿತಿ ತಪ್ಪನ್ನೂ ನಿಯಮವೆಂದೇ ಬರೆದಿಟ್ಟಿತು. ತಪ್ಪು ಮಾಡುವುದಾದರೆ ಎಲ್ಲ ಬ್ರೌಸರುಗಳೂ ಒಂದೇ ರೀತಿ ತಪ್ಪು ಮಾಡಲಿ! ಹೊಸಬರಿಗಾಗಿ, ಏನನ್ನೂ ಬದಲಾಯಿಸದೆ ನೇರವಾಗಿ ಹೋಲಿಸುವ ಇನ್ನೊಂದು ಚಿಹ್ನೆಯನ್ನು ಆಮೇಲೆ ಸೇರಿಸಿದರು. ಹಳೆಯದಕ್ಕೆ ಎರಡು ‘ಸಮ’ ಗುರುತು, ಹೊಸದಕ್ಕೆ ಮೂರು. ವರ್ಷವನ್ನು ನಾಲ್ಕೂ ಅಂಕಿಯಲ್ಲಿ ಹೇಳುವ ಹೊಸ ವಿಧಾನವೂ ಬಂತು. ಹಳೆಯದೂ ಪಕ್ಕದಲ್ಲೇ ಉಳಿಯಿತು. ಜನವರಿ ಮಾತ್ರ ಇನ್ನೂ ಸೊನ್ನೆಯೇ.

1999ರ ಡಿಸೆಂಬರಿನಲ್ಲಿ ಮೂರನೇ ಆವೃತ್ತಿ ಬಂತು. ಆಮೇಲೆ ಏನಾಯಿತು ಅಂತೀರಿ? ಹತ್ತು ವರ್ಷ ಏನೂ ಆಗಲಿಲ್ಲ. ನೆಟ್‌ಸ್ಕೇಪ್ ಸೋತು ಬೇರೆ ಕಂಪನಿಯ ಪಾಲಾಗಿತ್ತು. ಅದರ ಬ್ರೌಸರಿನ ಒಳಗುಟ್ಟನ್ನೆಲ್ಲ ಸಾರ್ವಜನಿಕರಿಗೆ ಬಿಟ್ಟುಕೊಟ್ಟದ್ದರಿಂದ ಮೊಜಿಲ್ಲಾ ಹುಟ್ಟಿತು, ಐಕ್ ಅಲ್ಲೇ ಉಳಿದರು. ಪ್ರಪಂಚದ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನ ಎಕ್ಸ್‌ಪ್ಲೋರರನ್ನೇ ಬಳಸುತ್ತಿದ್ದರು. ಎದುರಾಳಿ ಇಲ್ಲದ ಪೈಲ್ವಾನ ಸಾಮು ಮಾಡುವುದಿಲ್ಲ. 2001ರ ಆರನೇ ಆವೃತ್ತಿಯ ನಂತರ ಏಳನೆಯದಕ್ಕೆ ಐದು ವರ್ಷ ಕಾಯಬೇಕಾಯಿತು. ಆದರೆ ಭಾಷೆ ಸುಮ್ಮನಿರಲಿಲ್ಲ. 2004ರಲ್ಲಿ ಜಿಮೇಲ್, 2005ರಲ್ಲಿ ಗೂಗಲ್ ಮ್ಯಾಪ್ಸ್ ಬಂದಾಗ, ಅರ್ಜಿಯಲ್ಲಿ ಅಂಕಿ ಎಣಿಸಲೆಂದು ಹುಟ್ಟಿದ ಭಾಷೆ ಎಂಥ ದೊಡ್ಡ ಕೆಲಸ ಮಾಡಬಲ್ಲದು ಎಂದು ಜನ ಬೆರಗಾದರು. ಪುಟ ಪೂರ್ತಿ ಬದಲಾಗದೆಯೇ ನಕ್ಷೆ ಮಾತ್ರ ಸರಿಯುವುದು ಆಗ ಜಾದೂ.

ಅಷ್ಟರಲ್ಲಿ ಸಮಿತಿಯೊಳಗೆ ನಾಲ್ಕನೇ ಆವೃತ್ತಿಗೆ ದೊಡ್ಡ ಜಗಳ ಹತ್ತಿತ್ತು. ಮೊಜಿಲ್ಲಾ, ಅಡೋಬಿ ಮುಂತಾದವರು ಭಾಷೆಯನ್ನು ಬುಡದಿಂದ ಬಲಪಡಿಸಬೇಕು, ಬಹಳಷ್ಟು ಹೊಸದು ಸೇರಿಸಬೇಕು ಎಂದರು. ಮೈಕ್ರೋಸಾಫ್ಟ್ ಮತ್ತು ಯಾಹೂ ಕಡೆಯವರು, ಇಷ್ಟೊಂದು ಬದಲಾಯಿಸಿದರೆ ಇದು ಬೇರೆ ಭಾಷೆಯೇ ಆಗುತ್ತದೆ, ಜಾಲ ಮುರಿಯುತ್ತದೆ ಎಂದರು. ಎರಡೂ ಕಡೆ ಬುದ್ಧಿವಂತರೇ ಇದ್ದರು. 2008ರ ಜುಲೈಯಲ್ಲಿ ನಾರ್ವೆಯ ಓಸ್ಲೋದಲ್ಲಿ ಕೂತು ರಾಜಿಯಾದರು. ವರ್ಷಗಟ್ಟಲೆ ದುಡಿದ ನಾಲ್ಕನೇ ಆವೃತ್ತಿಯನ್ನು ಮೂಲೆಗಿಟ್ಟರು. ಆ ಒಪ್ಪಂದಕ್ಕೆ ‘ಸಾಮರಸ್ಯ’ ಎಂದೇ ಹೆಸರಿಟ್ಟರು. 2009ರ ಡಿಸೆಂಬರಿನಲ್ಲಿ ಬಂದದ್ದು ಐದನೆಯದು. ಎಕ್ಮಾಸ್ಕ್ರಿಪ್ಟಿನ ಲೆಕ್ಕದಲ್ಲಿ ಮೂರಾದ ಮೇಲೆ ಐದು, ನಾಲ್ಕು ಎಂಬುದೇ ಇಲ್ಲ. ಬಿಟ್ಟ ಕೆಲಸವೇನೂ ಪೂರ್ತಿ ವ್ಯರ್ಥವಾಗಲಿಲ್ಲ. ಅದರಲ್ಲಿದ್ದ ಎಷ್ಟೋ ಆಲೋಚನೆಗಳು ಸಾಣೆ ಹಿಡಿಸಿಕೊಂಡು 2015ರ ಆರನೇ ಆವೃತ್ತಿಯಲ್ಲಿ ಬಂದವು. ಆ ಪುಸ್ತಕ ಐನೂರು ಪುಟ ದಾಟಿತ್ತು.

ಅಂದಿನಿಂದ ಪ್ರತಿ ವರ್ಷ ಜೂನ್ ಸುಮಾರಿಗೆ ಒಂದು ಹೊಸ ಆವೃತ್ತಿ. ದೊಡ್ಡ ಹಬ್ಬದ ಬದಲು ಸಣ್ಣ ಸಣ್ಣ ಪೂಜೆ. ಹೊಸ ಸಲಹೆಯೊಂದು ಸೊನ್ನೆಯಿಂದ ನಾಲ್ಕರವರೆಗೆ ಮೆಟ್ಟಿಲು ಹತ್ತಬೇಕು. ಪ್ರತಿ ಮೆಟ್ಟಿಲಿಗೂ ಸಮಿತಿ ಒಮ್ಮತದಿಂದ ಒಪ್ಪಬೇಕು, ಕೈಯೆತ್ತಿಸಿ ಮತ ಎಣಿಸುವ ಪದ್ಧತಿಯಿಲ್ಲ. ಕೊನೆಯ ಮೆಟ್ಟಿಲಿಗೆ ಮೊದಲು ಬೇರೆ ಬೇರೆಯವರು ಕನಿಷ್ಠ ಎರಡು ಕಡೆ ಮಾಡಿ, ಪರೀಕ್ಷೆಗಳಲ್ಲಿ ಪಾಸಾಗಿ ತೋರಿಸಬೇಕು. ಹತ್ತು ದಿನದಲ್ಲಿ ಹುಟ್ಟಿದ ಭಾಷೆಗೆ ಈಗ ಒಂದೇ ಒಂದು ಪದ ಸೇರಬೇಕಾದರೂ ವರ್ಷಗಳು ಬೇಕು.

ಆ ಒಂದು ಪದದ ಕತೆ ಹೇಳಿಬಿಡುತ್ತೇನೆ. ಡಬ್ಬಿಯೊಳಗೆ ಡಬ್ಬಿ, ಅದರೊಳಗೆ ಇನ್ನೊಂದು ಡಬ್ಬಿ ಇಟ್ಟು ಎಲ್ಲದರಲ್ಲೂ ಗೋಲಿ ತುಂಬಿದ್ದೀರಿ ಎನ್ನಿ. ಎಲ್ಲ ಗೋಲಿಗಳನ್ನೂ ಒಂದೇ ತಟ್ಟೆಗೆ ಸುರಿಯುವ ಆಜ್ಞೆಯೊಂದು ಬೇಕಿತ್ತು. ಅದಕ್ಕೆ ‘ಫ್ಲಾಟನ್’, ಅಂದರೆ ಚಪ್ಪಟೆ ಮಾಡು, ಎಂಬ ಸಹಜವಾದ ಹೆಸರನ್ನು ಗೊತ್ತು ಮಾಡಿದರು. 2018ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ ಬ್ರೌಸರಿನ ಪರೀಕ್ಷಾ ಆವೃತ್ತಿಯಲ್ಲಿ ಅದನ್ನು ಹಾಕಿ ನೋಡಿದಾಗ ಒಂದು ಜಾಲತಾಣ ಕೆಟ್ಟುಹೋಯಿತು. ಕಾರಣ ಹುಡುಕಿದರೆ ಮೂಟೂಲ್ಸ್ ಎಂಬ ಹಳೆಯ ಉಪಕರಣ ಪೆಟ್ಟಿಗೆ ಸಿಕ್ಕಿತು. 2006ರಲ್ಲೇ ಬಂದಿದ್ದ ಅದರಲ್ಲಿ ಇದೇ ಹೆಸರಿನ ಆಜ್ಞೆಯೊಂದಿತ್ತು. ಹೊಸದಕ್ಕೂ ಹಳೆಯದಕ್ಕೂ ಡಿಕ್ಕಿಯಾಗಿತ್ತು. ಮೂಟೂಲ್ಸನ್ನು ಹೊಸದಾಗಿ ಬಳಸುವವರು ಆಗ ಬಹಳ ಕಡಿಮೆ. ಆದರೆ ಅದನ್ನು ಬಳಸಿ ಹಿಂದೆಂದೋ ಮಾಡಿಟ್ಟ ಪುಟಗಳು ಪ್ರಪಂಚದ ತುಂಬ ಇದ್ದವು.

‘ಅವರೇ ಸರಿಮಾಡಿಕೊಳ್ಳಲಿ ಬಿಡಿ’ ಎಂದವರು ಇದ್ದರು. ಹಾಗೆ ಬಿಟ್ಟರೆ ಏನಾಗುತ್ತದೆ ಯೋಚಿಸಿ. ಯಾವುದೋ ಸಣ್ಣ ಊರಿನ ಗ್ರಂಥಾಲಯದ ಪುಟ, ತೀರಿಕೊಂಡವರೊಬ್ಬರು ಆಸೆಪಟ್ಟು ಮಾಡಿಟ್ಟ ವಂಶವೃಕ್ಷದ ಪುಟ, ಮಾಡಿಕೊಟ್ಟ ಹುಡುಗ ಎಂದೋ ಊರು ಬಿಟ್ಟ ಅಂಗಡಿಯ ಪುಟ. ಇವನ್ನು ಸರಿಮಾಡಲು ಯಾರೂ ಬರುವುದಿಲ್ಲ. ಒಂದು ದಿನ ಬೆಳಗ್ಗೆ ಬ್ರೌಸರ್ ಹೊಸದಾಗುತ್ತದೆ, ಪುಟ ಸತ್ತಿರುತ್ತದೆ. ತಮಾಷೆಗೆಂದು ಸಮಿತಿಯ ಒಬ್ಬರು, ‘ಹಾಗಾದರೆ ಸ್ಮೂಶ್ ಎಂದು ಕರೆಯೋಣ’ ಎಂದರು. ಅಂದರೆ ಹಿಚುಕು! ಜನ ಅದನ್ನು ನಿಜವೆಂದೇ ನಂಬಿ ವಾರಗಟ್ಟಲೆ ವಾಗ್ವಾದ ಮಾಡಿದರು. ಮೇ ತಿಂಗಳ ಸಭೆಯಲ್ಲಿ ‘ಫ್ಲ್ಯಾಟ್’ ಎಂಬ ಹೆಸರು ಗೊತ್ತಾಯಿತು. ಬಾಲ ಕತ್ತರಿಸಿದ ಹೆಸರು, ಹಿಂದಿನಷ್ಟು ಚೆಂದವಿಲ್ಲ, ಆದರೆ ಯಾರ ಪುಟವೂ ಕೆಡಲಿಲ್ಲ. ಬುದ್ಧಿವಂತ ಇಂಜಿನಿಯರುಗಳು ಒಂದು ಪದಕ್ಕೆ ಇಷ್ಟು ಹೊತ್ತು ಕಳೆದದ್ದನ್ನು ಕೆಲವರು ಲೇವಡಿ ಮಾಡುತ್ತಾರೆ. ನನಗೆ ಇಡೀ ಕತೆಯಲ್ಲಿ ಬಹಳ ಇಷ್ಟವಾದ ಭಾಗ ಇದೇ.

1996ರಲ್ಲಿ ‘ಸ್ಪೇಸ್ ಜ್ಯಾಮ್’ ಎಂಬ ಸಿನಿಮಾಕ್ಕೆ ಮಾಡಿದ ಜಾಲತಾಣ ದಶಕಗಳ ನಂತರವೂ ತೆರೆದುಕೊಳ್ಳುತ್ತಿದ್ದುದು ಇಂಥ ಹಟದಿಂದಲೇ. ಇನ್ನೂ ದೂರದ ಉದಾಹರಣೆ ಬೇಕೇ? 2021ರ ಡಿಸೆಂಬರ್ 25ರಂದು ಹಾರಿದ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ಆಚೆ ಇದೆ. ಯಾವ ನಕ್ಷತ್ರದ ಕಡೆ ತಿರುಗಬೇಕು, ಯಾವ ಉಪಕರಣ ಯಾವಾಗ ಕೆಲಸ ಮಾಡಬೇಕು ಎಂಬ ಸೂಚನೆಗಳು ಅದರೊಳಗೆ ಇರುವುದು ಜಾವಾಸ್ಕ್ರಿಪ್ಟಿನಲ್ಲಿ! ಅದೂ 2003ರ ಸುಮಾರಿನ ಹಳೆಯ ಬಗೆಯದ್ದು. ಅಲ್ಲಿಗೆ ಹೋಗಿ ಹೊಸದು ಹಾಕಿ ಬರುವವರಿಲ್ಲ. ಹಾಕಬೇಕಾದ ಅಗತ್ಯವೂ ಇಲ್ಲ, ಪ್ರತಿ ಸಾಲು ಏನು ಮಾಡುತ್ತದೆ ಎಂದು ನಿಯಮ ಪುಸ್ತಕದಲ್ಲಿ ಬರೆದಿದೆ.

ನಮ್ಮ ಕನ್ನಡಕ್ಕೂ ಈ ಪುಸ್ತಕದಲ್ಲಿ ಜಾಗವಿದೆ. 2012ರಲ್ಲಿ ಎಕ್ಮಾ ಇದಕ್ಕೊಂದು ಜೊತೆ ಪುಸ್ತಕ ತಂದಿತು. ಲೋಕದ ಬೇರೆ ಬೇರೆ ಭಾಷೆಗಳಲ್ಲಿ ಸಂಖ್ಯೆ, ತಾರೀಖು ಬರೆಯುವ ಕ್ರಮ ಅದರ ವಿಷಯ. ಅದರಿಂದಾಗಿ ಇಂದಿನ ಬ್ರೌಸರಿಗೆ ಕನ್ನಡದಲ್ಲಿ ವಾರದ ಹೆಸರು ಹೇಳು ಎಂದರೆ ‘ಸೋಮವಾರ’ ಎನ್ನುತ್ತದೆ. 2025ನ್ನು ಕನ್ನಡ ಅಂಕಿಯಲ್ಲಿ ಬರೆ ಎಂದರೆ ೨೦೨೫ ಎಂದು ಬರೆಯುತ್ತದೆ. ಲಕ್ಷ, ಕೋಟಿಗೆ ನಮ್ಮ ಪದ್ಧತಿಯಂತೆ ಅಲ್ಪವಿರಾಮ ಹಾಕುವುದೂ ಗೊತ್ತು. ಪ್ರೋಗ್ರಾಮಿನೊಳಗೆ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಇಡಬಹುದು. ‘ಅಜ್ಜಿ’ ಎಂಬ ಹೆಸರಿನ ಡಬ್ಬಿಯಲ್ಲಿ 70 ಎಂಬ ಸಂಖ್ಯೆ ಇಟ್ಟರೆ ಅದು ಗೊಣಗದೆ ಇಟ್ಟುಕೊಳ್ಳುತ್ತದೆ.

ಮನೆಯಲ್ಲಿ ಕಂಪ್ಯೂಟರ್ ಇದ್ದರೆ ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವೇ ನೋಡಬಹುದು. ಕ್ರೋಮ್ ಅಥವಾ ಫೈರ್‌ಫಾಕ್ಸ್ ತೆರೆದು, ಖಾಲಿ ಪುಟವೊಂದರಲ್ಲಿ, ಕೀಲಿಮಣೆಯ ಮೇಲ್ಸಾಲಿನ ಎಫ್12 ಒತ್ತಿ. ತೆರೆದುಕೊಳ್ಳುವ ಕಿಟಕಿಯಲ್ಲಿ ‘ಕನ್ಸೋಲ್’ ಎಂಬುದನ್ನು ಆರಿಸಿ. ಅಲ್ಲಿ ಉದ್ಧರಣ ಚಿಹ್ನೆಯೊಳಗೆ 5 ಬರೆದು, ಕೂಡಿಸುವ ಚಿಹ್ನೆ ಹಾಕಿ, ಉದ್ಧರಣ ಚಿಹ್ನೆಯಿಲ್ಲದೆ 3 ಬರೆದು ಎಂಟರ್ ಒತ್ತಿದರೆ 53 ಬರುತ್ತದೆ. ಒಂದು ಎಚ್ಚರಿಕೆ, ಅಜ್ಜ-ಅಜ್ಜಿಯರಿಗೂ ಸೇರಿ: ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಸಾಲನ್ನು ಅಲ್ಲಿ ಅಂಟಿಸಬೇಡಿ. ನಿಮ್ಮ ಖಾತೆ ಕದಿಯುವವರು ಹೂಡುವ ಉಪಾಯಗಳಲ್ಲಿ ಅದೂ ಒಂದು. ನೀವೇ ಟೈಪ್ ಮಾಡಿದ್ದು ಮಾತ್ರ.

ಆಮೇಲೆ ಉದ್ಧರಣ ಚಿಹ್ನೆಯೊಳಗೆ ‘ಕನ್ನಡ’ ಎಂದು ಬರೆದು, ಪಕ್ಕದಲ್ಲಿ ಒಂದು ಚುಕ್ಕಿ ಇಟ್ಟು, ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ‘ಲೆಂಗ್ತ್’ ಎಂದು ಬರೆಯಿರಿ. ಉದ್ದ ಎಷ್ಟು ಎಂದು ಕೇಳುವ ಆಜ್ಞೆ ಅದು. ನಾವು ಎಣಿಸಿದರೆ ಕ, ನ್ನ, ಡ, ಮೂರೇ ಅಕ್ಷರ. ಅದು ಐದು ಎನ್ನುತ್ತದೆ. ಯಾಕೆಂದರೆ ಒತ್ತಕ್ಷರವನ್ನು ಅದು ಬಿಡಿಸಿ ಎಣಿಸುತ್ತದೆ: ಕ, ನ, ಅರ್ಧಾಕ್ಷರದ ಕೊಂಬು, ಇನ್ನೊಂದು ನ, ಡ. ಕಾಗುಣಿತದ ಗುರುತು, ಸೊನ್ನೆ, ಅರ್ಧಾಕ್ಷರದ ಕೊಂಬು ಎಲ್ಲಕ್ಕೂ ಅದರ ಲೆಕ್ಕದಲ್ಲಿ ಒಂದೊಂದು.

ಹಾಗಾದರೆ ‘ಸ್ವಾತಂತ್ರ್ಯ’ ಎಂಬ ಪದದ ಉದ್ದ ಎಷ್ಟು ಎಂದೀತು? ಮೊದಲು ಅಜ್ಜಿಯ ಜೊತೆ ಕೂತು ಕಾಗದದ ಮೇಲೆ ಬಿಡಿಸಿ ಎಣಿಸಿ, ಕಂಪ್ಯೂಟರನ್ನು ಆಮೇಲೆ ಕೇಳಿ. ಉತ್ತರ ಮುಂದಿನ ವಾರ.